ಜೊತೆಗಾರರು ಇರುವುದು ಪ್ರಶ್ನೆ ಕೇಳೋಕೆ ಮಾತ್ರ ಅಲ್ಲ

'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯಲ್ಲಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್‌ನ ಜೊತೆ ಪಯಣಿಸುವ ಜೊತೆಗಾರರು ಸುಮ್ನೆ "ಇದೇನು?" ಎಂದು ಕೇಳೋಕಷ್ಟೇ ಇದ್ದಾರಾ ಅಂತ ಕೇಳಿದ್ದೀರಿ. ಕೆಲವರನ್ನು ಹಾಗೆ ಬರೆದದ್ದು ನಿಜ. ಆದರೆ ಒಳ್ಳೆಯ ಜೊತೆಗಾರರು ಡಾಕ್ಟರ್‌ಗೆ ಎದುರು ನಿಲ್ಲುತ್ತಾರೆ. 1964ರಲ್ಲೇ ಜೊತೆಗಾತಿ, ಇತಿಹಾಸದ ಟೀಚರ್ ಬಾರ್ಬರಾ, ಹಳೇ ಮೆಕ್ಸಿಕೋದ ಅಜ್ಟೆಕ್ ಜನರ ನರಬಲಿ ನಿಲ್ಲಿಸಲು ಹೊರಡುತ್ತಾಳೆ. ಡಾಕ್ಟರ್ ಬೇಡವೆಂದರೂ ಕೇಳುವುದಿಲ್ಲ. 2008ರ ಕಥೆಯಲ್ಲಿ, ಜ್ವಾಲಾಮುಖಿಯಿಂದ ನಾಶವಾಗುವ ರೋಮನ್ ಊರು ಪೊಂಪೈನಲ್ಲಿ, ಜೊತೆಗಾತಿ ಡೊನ್ನಾ ಡಾಕ್ಟರ್‌ನನ್ನು ಅಳುತ್ತಾ ಬೇಡಿಕೊಳ್ಳುತ್ತಾಳೆ: ಇಡೀ ಊರು ಬೇಡ, ಯಾರನ್ನಾದರೂ ಉಳಿಸು. ಅವನು ವಾಪಸ್ ಬಂದು ಒಂದು ಕುಟುಂಬವನ್ನು ಕಾಪಾಡುತ್ತಾನೆ. ಅವನನ್ನು ಬದಲಿಸಿದ್ದು ಅವಳೇ ಅಲ್ವಾ? ಅದೇ ಸೀಸನ್‌ನ ಕೊನೆಯ ಕಂತಿನಲ್ಲಿ, ಅವಳು ಬೇಡ ಬೇಡ ಎಂದರೂ, ಅವಳ ಪ್ರಾಣ ಉಳಿಸಲೆಂದು ಡಾಕ್ಟರ್ ತನ್ನ ಜೊತೆಗಿನ ನೆನಪನ್ನೆಲ್ಲ ಅಳಿಸುತ್ತಾನೆ. ಅಷ್ಟು ಬೆಳೆದ ಪಾತ್ರವನ್ನು ಹಾಗೆ ಕಳಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ನೀವು ಮೊದಲು ಪೊಂಪೈ ಕಂತು ನೋಡಿ.