ರೋಥೆನ್‌ಬರ್ಗ್‌ಗೆ ಹೊರಟು ನೋರ್ಡ್ಲಿಂಗೆನ್ ಸೇರಿದ ಕಥೆ

ಕ್ಯಾಂಪರ್ ವ್ಯಾನ್ ಪ್ರವಾಸದಲ್ಲಿ ಅಂದುಕೊಳ್ಳದೆ ಸಿಕ್ಕಿ ಮನಸ್ಸಿಗೆ ಹಿಡಿಸಿದ ಹಳೆಯ ಊರು ಯಾವುದು ಎಂದು ಕೇಳಿದ್ದೀರಿ. ನನ್ನ ಉತ್ತರ ಜರ್ಮನಿಯ ಬವೇರಿಯಾದ ನೋರ್ಡ್ಲಿಂಗೆನ್. ನಮ್ಮನ್ನು ಅಲ್ಲಿಗೆ ಮುಟ್ಟಿಸಿದ್ದು ಬಚ್ಚಲ ನೀರಿನ ಟ್ಯಾಂಕು.

ಮ್ಯೂನಿಕ್‌ನಿಂದ ಬಾಡಿಗೆ ವ್ಯಾನಿನಲ್ಲಿ ಹೆಂಡತಿ, ಮಗಳೊಂದಿಗೆ ಹೊರಟದ್ದು ಎಲ್ಲರೂ ಹೋಗುವ ಹಳೆಯ ಕೋಟೆಯೂರು ರೋಥೆನ್‌ಬರ್ಗ್‌ಗೆ. ಡೊನಾವ್ಯೋರ್ತ್ ದಾಟುವಷ್ಟರಲ್ಲಿ ಟ್ಯಾಂಕು ತುಂಬಿ, ಪಾತ್ರೆ ತೊಳೆದ ನೀರು ಸಿಂಕಿನಲ್ಲೇ ಮೇಲೇರತೊಡಗಿತು. ಹಿಂದಿನ ರಾತ್ರಿಯ ಸಾರಿನ ವಾಸನೆ ವ್ಯಾನಿಗೆಲ್ಲ ಹಬ್ಬಿತು. ಅದನ್ನು ಖಾಲಿ ಮಾಡಲು ಜಾಗ ಹುಡುಕಿದಾಗ ಮೊಬೈಲ್ ತೋರಿಸಿದ್ದು ಈ ಊರನ್ನು.

ಹಾರ್ಬುರ್ಗ್ ಕೋಟೆ ಹಿಂದೆ ಸರಿದ ಮೇಲೆ ಗುಡ್ಡಗಳು ಮುಗಿದು ಊಟದ ತಟ್ಟೆಯಂಥ ಬಯಲು, ಸುತ್ತಲೂ ಅಂಚು ಕಟ್ಟಿದ ಹಾಗೆ ದಿಣ್ಣೆಗಳು. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆ ಬಿದ್ದು ಆದ, 24 ಕಿ.ಮೀ. ಅಗಲದ ಕುಳಿಯೊಳಗೆ ಇಳಿಯುತ್ತಿದ್ದೇವೆಂದು ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದವರು ನಾವಷ್ಟೇ ಅಲ್ಲ. 1960ರ ಆಸುಪಾಸಿನವರೆಗೆ ಬಹುಪಾಲು ತಜ್ಞರೂ ಇದನ್ನು ಜ್ವಾಲಾಮುಖಿಯ ಬಾಯಿ ಎಂದೇ ನಂಬಿದ್ದರು. 1970ರಲ್ಲಿ ಅಪೊಲೊ 14ರ ಗಗನಯಾತ್ರಿಗಳು ಚಂದ್ರನಿಗೆ ಹೋಗುವ ಮೊದಲು ಕಲ್ಲುಗಳ ಪಾಠ ಕಲಿಯಲು ಇಲ್ಲಿಗೆ ಬಂದಿದ್ದರು.

ಊರು ಬಹುತೇಕ ದುಂಡಗಿದೆ. ಐದು ಬಾಗಿಲುಗಳ ಕೋಟೆಗೋಡೆ ಎಲ್ಲೂ ಕಡಿಯದೆ ಉಳಿದಿದೆ. ಅದರ ಮೇಲೆ ಹೆಂಚಿನ ಮಾಡಿನಡಿ 2.7 ಕಿ.ಮೀ. ನಡೆದರೆ ಹೊರಟಲ್ಲಿಗೇ ಮರಳುತ್ತೀರಿ. ಒಳಬದಿಯಲ್ಲಿ ಗೋಡೆಗೇ ಬೆನ್ನು ಆನಿಸಿ ಕೂತ ಪುಟ್ಟ ಮನೆಗಳು. ಹಂಪಿ, ಚಿತ್ರದುರ್ಗ ನೋಡಿ ಬೆಳೆದ ನನಗೆ ಕೋಟೆಯ ಕೆಳಗೆ ಯಾರೋ ಬಟ್ಟೆ ಒಣಹಾಕಿದ್ದೇ ದೊಡ್ಡ ವಿಶೇಷ.

ಸೇಂಟ್ ಜಾರ್ಜ್ ಚರ್ಚಿನ ಬೂದು ಕಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳಿವೆ. ಆಕಾಶದ ಬಂಡೆ ಬಿದ್ದ ಆ ಹೊಡೆತದ ಒತ್ತಡಕ್ಕೆ ನೆಲದ ಗ್ರಾಫೈಟೇ ವಜ್ರವಾಗಿದ್ದು. ಇದನ್ನು ಓದಿ ಹೇಳಿದ್ದು ನನ್ನ ತಪ್ಪು. ಮಗಳು ಗೋಡೆಗೆ ಮೂಗು ತಾಗಿಸಿ, ಮೊಬೈಲ್ ಟಾರ್ಚ್ ಹಿಡಿದು ಅರ್ಧ ಗಂಟೆ ನಿಂತಳು. ಅದೇ ಚರ್ಚಿನ 90 ಮೀಟರ್ ಗೋಪುರದ ಹೆಸರು ಡ್ಯಾನಿಯಲ್. 350 ಮೆಟ್ಟಿಲು ಹತ್ತಿದರೆ ಕೆಂಪು ಮಾಡುಗಳ ಚಕ್ರ ಕಾಲಡಿ ಹರಡುತ್ತದೆ. ಮಂಡಿ ನೋವಿದ್ದವರು ಗೋಡೆ ಸುತ್ತಿದರೆ ಸಾಕು.

ನೀವು ಹೋಗುವುದಾದರೆ ರಾತ್ರಿ ಉಳಿಯಿರಿ. ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಗೋಪುರದ ಕಾವಲುಗಾರ "ಸೋ ಗ್ಸೆಲ್ ಸೋ" (ಹಾಗೋ ಗೆಳೆಯಾ, ಹಾಗೋ) ಎಂದು ಕೂಗುತ್ತಾನೆ. 1440ರಲ್ಲಿ ಶತ್ರುವಿನ ಲಂಚ ತಿಂದ ಕಾವಲಿನವರು ಊರಬಾಗಿಲಿಗೆ ಅಗುಳಿ ಹಾಕದೆ ಬರಿದೇ ಮುಂದಕ್ಕೆ ಮಾಡಿ ಬಿಟ್ಟಿದ್ದರಂತೆ. ಹಂದಿಯೊಂದು ಅದಕ್ಕೆ ಮೈ ಉಜ್ಜಿದಾಗ ಬಾಗಿಲು ಅಲುಗಿದ್ದನ್ನು ಕಂಡ ಹೆಂಗಸು ಹೀಗೆ ಕೂಗಿ ಊರನ್ನು ಉಳಿಸಿದಳೆಂಬುದು ಐತಿಹ್ಯ.

ಹತ್ತೂವರೆಯ ಕೂಗಿಗೆ ಮಗಳು ವ್ಯಾನಿನ ಕಿಟಕಿಯಿಂದ ಅಷ್ಟೇ ಜೋರಾಗಿ ಮರುಕೂಗು ಹಾಕಿದಳು. ಪಕ್ಕದ ಎರಡು ವ್ಯಾನುಗಳಲ್ಲಿ ದೀಪ ಹತ್ತಿತು.