ನೀಟ್ ನೋಟ್‌ಬುಕ್ಕಿನಲ್ಲಿ ಮಾಂಗಾ

ಪ್ರಶ್ನೆ: ಮಗ ನೀಟ್ ಕೋಚಿಂಗ್‌ಗೆ ಹೋಗ್ತಾನೆ. ಬಯಾಲಜಿ ನೋಟ್ಸ್ ತೆರೆದರೆ ಬರೀ ಜಪಾನಿ ಗೊಂಬೆಗಳು. ಬೈದರೆ, ‘ಮಾಂಗಾ ಅನ್ನೋ ಜಪಾನಿ ಚಿತ್ರಕಥೆ ಬರೆದ ತೆಜುಕಾನೂ ಡಾಕ್ಟರಿಕೆ ಓದ್ತಾನೇ ಬರೀತಿದ್ದ’ ಅಂತಾನೆ. ನಿಜವಾ ಸಾರ್?
– ಒಬ್ಬ ತಾಯಿ, ಶಿಡ್ಲಘಟ್ಟ

ಉತ್ತರ: ನಿಜ ಕಣಮ್ಮ, ಹುಡುಗ ಚೆನ್ನಾಗೇ ಓದಿಕೊಂಡಿದ್ದಾನೆ! 1946ರ ಜನವರಿಯಲ್ಲಿ ಮಕ್ಕಳ ಪತ್ರಿಕೆಯಲ್ಲಿ ಒಸಾಮು ತೆಜುಕಾ ಅವರ ನಾಲ್ಕು ಚೌಕದ ಚಿತ್ರಕಥೆ ಶುರುವಾದಾಗ ಅವರಿಗೆ 17. ಒಸಾಕಾದಲ್ಲಿ ವೈದ್ಯ ವಿದ್ಯಾರ್ಥಿ. ಮರುವರ್ಷ ‘ಹೊಸ ನಿಧಿದ್ವೀಪ’ ಅನ್ನೋ ಮಾಂಗಾ ಪುಸ್ತಕ ಬಂತು. ಕಥೆ ಸಕಾಯ್ ಶಿಚಿಮಾ ಅವರದು, ಚಿತ್ರ ಇವರದು. ಶುರುವಿನಲ್ಲೇ ಹುಡುಗನೊಬ್ಬ ಕಾರು ಓಡಿಸಿಕೊಂಡು ಬರ್ತಾನೆ, ಚೌಕದಿಂದ ಚೌಕಕ್ಕೆ ಥೇಟ್ ಸಿನಿಮಾ ರೀಲು. ಮಕ್ಕಳು ಮುಗಿಬಿದ್ದು ಕೊಂಡರು. ಆದರೂ ತೆಜುಕಾ ಕಾಲೇಜು ಬಿಡಲಿಲ್ಲ, ವೈದ್ಯ ಪರೀಕ್ಷೆ ಪಾಸು ಮಾಡಿಯೇ ತೀರಿದರು. ನಿಮ್ಮ ಮಗ ಈ ಭಾಗ ನುಂಗಿಕೊಂಡಿರಬೇಕು, ಕೇಳಿ ನೋಡಿ. ನೋಟ್‌ಬುಕ್ ಮಾತ್ರ ಹರೀಬೇಡಿ. ಈ ಸಲ ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಬೇರೆ ಡ್ರಾಯಿಂಗ್ ಬುಕ್ ಕೊಡಿಸಿ, ಬಯಾಲಜಿ ಉಳಿಯುತ್ತೆ.