ಇಸುಬಿಗೆ ಪ್ರೋಬಯಾಟಿಕ್ ಪುಡಿ?

ಪ್ರಶ್ನೆ: ಮೂರು ವರ್ಷದ ಮಗಳಿಗೆ ಮೊಣಕೈ ಮಡಿಕೆಯಲ್ಲಿ ಇಸುಬು. ಪ್ರೋಬಯಾಟಿಕ್ ಪುಡಿ (ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿ) ಕುಡಿಸಿದರೆ ವಾಸಿಯಾದೀತೇ?
– ಓದುಗರು, ಬದಿಯಡ್ಕ

ಉತ್ತರ: ಆ ದುಡ್ಡಿಗೆ ಒಳ್ಳೆಯ ಮಾಯಿಶ್ಚರೈಸರ್ ಕೊಳ್ಳಿ. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಇಂಥ 39 ಪ್ರಯೋಗಗಳನ್ನು, ಸುಮಾರು 2,600 ಮಂದಿಯನ್ನು ಒಟ್ಟಿಗೆ ನೋಡಿತು; ತುರಿಕೆ, ನಿದ್ದೆಗೇಡಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬ್ಯಾಕ್ಟೀರಿಯಾ ಇರುವ ಮಜ್ಜಿಗೆಯೂ ಊಟಕ್ಕಿರಲಿ, ಮದ್ದೆಂದು ಬೇಡ.

ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷದೊಳಗೆ ಮೀಯಿಸಿ. ಬೈರಾಸಿನಿಂದ ತಿಕ್ಕದೆ ಒತ್ತಿ ಒರಸಿ, ಚರ್ಮ ಹಸಿಯಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ಮೈಯಿಡೀ ಒಣಗಿದ್ದರೆ ವಾರಕ್ಕೆ 125ರಿಂದ 250 ಗ್ರಾಂ ಮುಗಿಯಬೇಕು. ಹೆಚ್ಚಿನವರು ಸೋಲುವುದು ಇಲ್ಲೇ: ಸಣ್ಣ ಟ್ಯೂಬೊಂದನ್ನು ತಿಂಗಳಿಡೀ ಎಳೆಯುತ್ತಾರೆ. ಕೆಂಪೇರಿದ ಜಾಗಕ್ಕೆ ವೈದ್ಯರು ಬರೆದ ಸ್ಟಿರಾಯ್ಡ್ ಕ್ರೀಮನ್ನು ಹೆದರಿ ಅರ್ಧಕ್ಕೇ ಬಿಡಬೇಡಿ. ಹಳದಿ ಹಕ್ಕಳೆ ಕಟ್ಟಿ ರಸ ಒಸರಿದರೆ ಸೋಂಕು ತಗಲಿರಬಹುದು. ಅದೇ ದಿನ ತೋರಿಸಿ.